ಶೇಂಗಾ ಸೀಮೆಯ ಹಾಡಿನ ಪೆಟ್ಟಿಗೆ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದ ಬಸ್ಸಿನ ಕಿಟಕಿಯಲ್ಲಿ ಕೂತವರ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಕೆಮ್ಮಣ್ಣಿನ ಬಯಲು, ಕಿತ್ತು ಗುಡ್ಡೆ ಹಾಕಿದ ಶೇಂಗಾ ಬಳ್ಳಿ, ದೂರ ದೂರಕ್ಕೊಂದು ಹುಣಸೆಮರ, ಜಾಲಿಯ ಸಣ್ಣ ನೆರಳಿಗೆ ತಲೆಯಷ್ಟನ್ನೇ ತೂರಿಸಿ ಮೈಯನ್ನು ಬಿಸಿಲಿಗೇ ಬಿಟ್ಟು ನಿಂತ ಕುರಿಗಳು. ಕಂಬಳಿಯನ್ನು ಮಡಿಚಿ ತಲೆಯ ಮೇಲೆ ಹಾಕಿಕೊಂಡ ಕುರಿಗಾಹಿ ಬಸ್ಸಿನ ಕಡೆ ಒಮ್ಮೆ ನೋಡಿ ಮತ್ತೆ ಮಂದೆಯ ಕಡೆ ತಿರುಗುತ್ತಾನೆ. ಮುಂದೆ ತಳುಕು ಬರುತ್ತದೆ. ಇಬ್ಬರು ಇಳಿಯುತ್ತಾರೆ, ನಾಲ್ವರು ಹತ್ತುತ್ತಾರೆ, ಕಂಡಕ್ಟರ್ ಸೀಟಿ ಊದುತ್ತಾನೆ. ಇನ್ನೂ ಮುಂದೆ ಹಾನಗಲ್ ಹತ್ತಿರ ಮೊಳಕಾಲ್ಮೂರಿನ ದಾರಿ ಬಲಕ್ಕೆ ಕವಲೊಡೆಯುತ್ತದೆ.

ಈ ಬಟಾಬಯಲಿನಲ್ಲಿ ಹಾಡಿಗೇನು ಕೆಲಸ ಅಂತ ಹೊರಗಿನವರಿಗೆ ಅನ್ನಿಸಬಹುದು. ನನ್ನ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ, ತುಂಬ ಕ್ಯಾಸೆಟ್ಟುಗಳು. ಅವುಗಳಲ್ಲಿ ಹಾಡಿದವರು ಚೆನ್ನೈ, ಮುಂಬೈ, ಬೆಂಗಳೂರಿನ ಸ್ಟುಡಿಯೋಗಳಲ್ಲಿ ಹಾಡಿದರು. ಆದರೆ ನಾನು ಹೆಚ್ಚು ಪ್ರೀತಿಸುವ ಆಲ್ಬಂಗಳಲ್ಲಿ ಅರ್ಧಕ್ಕರ್ಧದ ಮೂಲ ಹುಡುಕುತ್ತಾ ಹೋದರೆ ದಾರಿ ಬಂದು ನಿಲ್ಲುವುದು ಎರಡು ನಿಮಿಷ ಬಸ್ಸು ನಿಲ್ಲುವ ಆ ತಳುಕಿನಲ್ಲಿ.

ನಮ್ಮ ಕಾಲಕ್ಕೆ ಚಳ್ಳಕೆರೆಯಲ್ಲಿ ಎಲ್ಲರಿಗೂ ಕಂಪನಿಯ ಕ್ಯಾಸೆಟ್ ಕೊಳ್ಳುವ ಶಕ್ತಿ ಇರಲಿಲ್ಲ. ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. "ಅರವತ್ತರದಾ, ತೊಂಬತ್ತರದಾ?" ಅನ್ನುವುದು ಅಂಗಡಿಯವನ ಮೊದಲ ಪ್ರಶ್ನೆ. ಅರವತ್ತು ನಿಮಿಷದ್ದಾದರೆ ಒಂದು ಮಗ್ಗುಲಿಗೆ ಅರ್ಧ ಗಂಟೆ, ಏಳೋ ಎಂಟೋ ಹಾಡು. ಅಂಗಡಿಯ ಒಳಗೆ ಎರಡು ಟೇಪುಗಳು ಎದುರುಬದುರು ಕೂತು ಒಂದು ಹಾಡಿದ್ದನ್ನು ಇನ್ನೊಂದು ಬರೆದುಕೊಳ್ಳುತ್ತಿದ್ದವು. ಎದುರಿಗೆ ಎಣ್ಣೆಮಿಲ್ಲುಗಳ ಲಾರಿ ಸಾಲು, ಗಾಳಿಯಲ್ಲಿ ಶೇಂಗಾ ಹಿಂಡಿಯ ಬೆಚ್ಚಗಿನ ವಾಸನೆ. ಎಣ್ಣೆ ವ್ಯಾಪಾರದಲ್ಲಿ ಮುಂಬೈ ಬಿಟ್ಟರೆ ಚಳ್ಳಕೆರೆ ಎಂದು ಊರವರು ಎದೆ ಉಬ್ಬಿಸಿ ಹೇಳುತ್ತಿದ್ದ ದಿನಗಳವು. ಆ ವಾಸನೆ ಕ್ಯಾಸೆಟ್ಟಿನ ಕಾಗದಕ್ಕೂ ಹತ್ತುತ್ತಿತ್ತು.

ಹಾಗೆ ನಾನು ತುಂಬಿಸಿದ ಒಂದು ಕ್ಯಾಸೆಟ್ಟಿನ ಮೇಲೆ ಸಿನಿಮಾಗಳ ಹೆಸರನ್ನು ದುಂಡಗೆ ಬರೆದಿದ್ದೆ: ಚಂದವಳ್ಳಿಯ ತೋಟ, ನಾಗರಹಾವು, ಹಂಸಗೀತೆ, ಗಾಳಿ ಮಾತು, ಮಸಣದ ಹೂವು. ನನಗೆ ಇಷ್ಟವಾದ ಹಾಡುಗಳು, ಅಷ್ಟೇ; ಬೇರೆ ಲೆಕ್ಕಾಚಾರವಿರಲಿಲ್ಲ. ಕನ್ನಡ ಮೇಷ್ಟ್ರು ಅದನ್ನು ಕೈಗೆ ತಗೊಂಡು ಕನ್ನಡಕ ಮೇಲೇರಿಸಿ ಓದಿದರು. "ಇದೇನಪ್ಪಾ, ಎಲ್ಲಾ ತರಾಸು ಕಥೆಗಳೇ ಅವಲ್ಲ!" ಅಂದರು. ತರಾಸು ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. 1920ರಲ್ಲಿ ಹುಟ್ಟಿದ್ದು ಮಲೇಬೆನ್ನೂರಿನಲ್ಲಾದರೂ ಮನೆತನ ನಮ್ಮ ತಳುಕಿನದು. ಕುವೆಂಪು ಅವರ ಗುರುಗಳಾದ, 'ಶ್ರೀ ರಾಮಾಯಣ ದರ್ಶನಂ' ಕಾವ್ಯ ಯಾರಿಗೆ ಅರ್ಪಿತವಾಗಿದೆಯೋ ಆ ಟಿ.ಎಸ್. ವೆಂಕಣ್ಣಯ್ಯನವರು ಇವರಿಗೆ ದೊಡ್ಡಪ್ಪ. ಇಷ್ಟನ್ನೂ ಮೇಷ್ಟ್ರು ಪಾಠದ ನಡುವೆ ಹೇಳಿದ್ದರೆ ಮರೆಯುತ್ತಿದ್ದೆನೇನೋ. ಕ್ಯಾಸೆಟ್ ಕೈಯಲ್ಲಿ ಹಿಡಿದು ಹೇಳಿದ್ದರಿಂದ ಉಳಿಯಿತು. ಬೇರೆ ಬೇರೆ ವರ್ಷಗಳ, ಬೇರೆ ಬೇರೆ ಸಂಗೀತಗಾರರ ಹಾಡುಗಳನ್ನು ನಮ್ಮ ತಾಲ್ಲೂಕಿನ ಒಂದೇ ಹೆಸರು ಕಟ್ಟಿ ಹಿಡಿದಿದೆ ಅನ್ನುವುದು ಹದಿನೈದರ ಹುಡುಗನಿಗೆ ಸಣ್ಣ ಸಂಗತಿಯಲ್ಲ.

'ನಾಗರಹಾವು' ಬಂದದ್ದು 1972ರಲ್ಲಿ. ಪುಟ್ಟಣ್ಣ ಕಣಗಾಲರು ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಸಿನಿಮಾ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಷ್ ಮೊದಲ ಬಾರಿ ತೆರೆಗೆ ಬಂದದ್ದು ಎಲ್ಲ ಇದರಲ್ಲೇ. ಸಿನಿಮಾ ನೋಡಿ ತರಾಸು ಅವರಿಗೆ ಸಮಾಧಾನವಾಗಲಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ವಿಜಯಭಾಸ್ಕರ್ ಸಂಗೀತದ ಬಗ್ಗೆ ಈ ಸೀಮೆಯಲ್ಲಿ ಯಾರಿಗೂ ಯಾವ ತಕರಾರೂ ಇಲ್ಲ. ಅದರಲ್ಲೂ ಓಬವ್ವನ ಹಾಡು. ಪಿ.ಬಿ. ಶ್ರೀನಿವಾಸರ ದನಿ ಹುಟ್ಟಾ ಮೆದು, ಕೆಳಗಿನ ಸ್ಥಾಯಿಯಲ್ಲಿ ನೆಮ್ಮದಿಯಾಗಿ ನಡೆಯುವಂಥದು. ಇಲ್ಲಿ ಅದೇ ದನಿ ಲಾವಣಿಕಾರನ ಗತ್ತು ಹೊತ್ತು ಕಥೆ ಹೇಳುತ್ತದೆ. ಹಿಂದೆ ವಾದ್ಯ ಬಿಸಿಯೇರುತ್ತಿದ್ದರೂ ಅವರು ಕಿರುಚುವುದಿಲ್ಲ, ಮಾತಿನ ಬಿಗಿಯಲ್ಲೇ ಕೋಟೆಯ ಕಿಂಡಿಯ ಕತ್ತಲನ್ನು ತೋರಿಸುತ್ತಾರೆ.

ಈ ಹಾಡಿಲ್ಲದೆ ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವ ನಡೆದದ್ದುಂಟೇ? ಪ್ರತಿ ವರ್ಷ ಒಬ್ಬಳು ಓಬವ್ವ. ಮನೆಯಿಂದ ತಂದ ನಿಜವಾದ ಒನಕೆಯನ್ನು ತಾಲೀಮಿನಲ್ಲಿ ಎರಡು ಸಲ ಎತ್ತುವಷ್ಟರಲ್ಲಿ ಹುಡುಗಿಯ ತೋಳು ನಡುಗುತ್ತಿತ್ತು. ಟೀಚರು ರಟ್ಟಿನ ಒನಕೆ ಮಾಡಿ ಬಣ್ಣ ಬಳಿದು ಕೊಡುತ್ತಿದ್ದರು. ಹೈದರಾಲಿಯ ಸೈನಿಕರಾದ ಹುಡುಗರು ಒಬ್ಬೊಬ್ಬರಾಗಿ ಬಗ್ಗಿ ಬರುವುದು, ತಲೆಗೆ ಒನಕೆ ತಾಕಿದ ಕೂಡಲೇ ಬಿದ್ದು ಪಕ್ಕಕ್ಕೆ ಉರುಳುವುದು, ಉರುಳಿದವನೇ ಪರದೆಯ ಹಿಂದಿನಿಂದ ಓಡಿ ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುವುದು. ಹಾಡಿನ ಕೊನೆಗೆ ಓಬವ್ವ ಬೀಳುವಾಗ ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರಲ್ಲಿ ಬಹಳ ಮಂದಿ ಸಿನಿಮಾ ನೋಡಿದವರಲ್ಲ. ದುರ್ಗದ ಕೋಟೆ ಹತ್ತಿ ಕಿಂಡಿಯನ್ನು ಮುಟ್ಟಿ ಬಂದವರು.

ಪೆಟ್ಟಿಗೆಯಲ್ಲಿ ಒಂದನ್ನೇ ಉಳಿಸಿಕೋ ಅಂದರೆ ನಾನು ಉಳಿಸಿಕೊಳ್ಳುವುದು 'ಹಂಸಗೀತೆ'. ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಆಳುವವನ ಮುಂದೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡವನ ಕಥೆ. ಜಿ.ವಿ. ಅಯ್ಯರ್ 1975ರಲ್ಲಿ ಅದನ್ನು ಸಿನಿಮಾ ಮಾಡಿದರು, ಅನಂತನಾಗ್ ವೆಂಕಟಸುಬ್ಬಯ್ಯನಾದರು. ಸಂಗೀತ ಎಂ. ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದು. ಇದರಲ್ಲಿನ ಹಾಡುಗಾರಿಕೆಗೆ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಮೊದಮೊದಲು ಈ ಹಾಡುಗಳು ನನಗೆ ಒಗ್ಗಿರಲಿಲ್ಲ. ಸಿನಿಮಾ ಹಾಡು ಅಂದರೆ ಪಿಟೀಲುಗಳ ದೊಡ್ಡ ತಂಡ, ಪಲ್ಲವಿ ಮುಗಿಯುತ್ತಲೇ ಕೊಳಲು ಅನ್ನುವ ರೂಢಿಯ ಕಿವಿಗೆ ಇದು ಬೋಳು ಬೋಳಾಗಿ ಕೇಳಿಸಿತು. ಕೇಳುತ್ತಾ ಕೇಳುತ್ತಾ ಆ ಬೋಳುತನವೇ ಹಿಡಿಸಿತು. ದನಿಗೂ ದನಿಗೂ ನಡುವೆ ಬೇಕಾದಷ್ಟು ಜಾಗ. ಆ ಜಾಗದಲ್ಲಿ ನಮ್ಮ ಬಯಲು ಇದೆ ಅನ್ನಿಸುತ್ತದೆ ನನಗೆ. ದುರ್ಗದ ಬಂಡೆಗಳ ಮೇಲೆ ಮಧ್ಯಾಹ್ನ ಕೂತವರಿಗೆ ಇದು ಗೊತ್ತಾಗುತ್ತದೆ. ಬಾಲಮುರಳಿ ಮೇಲಿನ ಸ್ವರಕ್ಕೆ ಹೋಗುವಾಗ ಆಯಾಸವೇ ಇರುವುದಿಲ್ಲ. ಕಥೆ ತಿಳಿದವರು ಆ ಸುಖದ ಜೊತೆಗೇ ಮುಂದೆ ಆಗುವುದನ್ನೂ ನೆನೆದು ಕೂತಿರುತ್ತಾರೆ: ಇಂಥ ನಾಲಗೆ ಕಡೆಗೆ ಏನಾಗುತ್ತದೆ ನೋಡು ಅಂತ. ಒಂದು ಆಲಾಪ ಕೇಳುತ್ತಾ ಗಂಟಲು ಕಟ್ಟುವುದು ನನಗೆ ಆದದ್ದು ಈ ಕ್ಯಾಸೆಟ್ಟಿನಿಂದ.

ಇದೇ ಕಾದಂಬರಿ ಅದಕ್ಕೂ ಎಷ್ಟೋ ಮುಂಚೆ, 1956ರಲ್ಲಿ, ಹಿಂದಿಯ 'ಬಸಂತ್ ಬಹಾರ್' ಆಗಿತ್ತು ಅನ್ನುವುದು ತಿಳಿದ ದಿನ ನನಗೆ ಹಬ್ಬ. ಶಂಕರ್-ಜೈಕಿಶನ್ ಸಂಗೀತ. ಅದರಲ್ಲಿ ಆಸ್ಥಾನದ ಪೈಪೋಟಿಯ ಒಂದು ಜುಗಲ್‌ಬಂದಿ ಇದೆ, ಮನ್ನಾ ಡೇ ಮತ್ತು ಭೀಮಸೇನ ಜೋಶಿಯವರದು. ಕಥೆಯ ಪ್ರಕಾರ ಗೆಲ್ಲಬೇಕಾದ ನಾಯಕನ ದನಿ ಮನ್ನಾ ಡೇ, ಸೋಲಬೇಕಾದವನ ದನಿ ಭೀಮಸೇನರದು. ಭೀಮಸೇನರನ್ನು ಹಾಡಿ ಸೋಲಿಸುವುದೇ? ಮನ್ನಾ ಡೇ ಹೆದರಿ ತಪ್ಪಿಸಿಕೊಳ್ಳಲು ನೋಡಿದ್ದರಂತೆ, ಹೆಂಡತಿ ಧೈರ್ಯ ತುಂಬಿದ ಮೇಲೆ ಒಪ್ಪಿಕೊಂಡರಂತೆ. ಆ ಹಾಡನ್ನು ಕಿವಿಗೊಟ್ಟು ಕೇಳಿ. ಭೀಮಸೇನರ ತಾನುಗಳು ಒಂದರ ಮೇಲೊಂದು ನುಗ್ಗಿ ಬರುವಾಗ ಮನ್ನಾ ಡೇ ಅವುಗಳ ಜೊತೆ ಬಲಪರೀಕ್ಷೆಗೆ ಇಳಿಯದೆ ನಾದವನ್ನು ನಯವಾಗಿ ನಿಲ್ಲಿಸುತ್ತಾರೆ. ಗದುಗಿನ ಸೀಮೆಯಲ್ಲಿ ಬೆಳೆದ ಕಂಠ, ತಳುಕಿನ ಮನೆತನದವರ ಕಥೆ, ಮುಂಬೈಯ ವಾದ್ಯವೃಂದ. ಒಂದೇ ಕಾದಂಬರಿ ಒಮ್ಮೆ ಹಿಂದೂಸ್ತಾನಿಯಾಗಿ, ಇನ್ನೊಮ್ಮೆ ಕರ್ನಾಟಕ ಸಂಗೀತವಾಗಿ ಎರಡು ಆಲ್ಬಂ ಆದದ್ದು ಕನ್ನಡದಲ್ಲಿ ಬೇರೆ ಯಾವುದಿದೆ? ಇಷ್ಟಾದರೂ 'ಬಸಂತ್ ಬಹಾರ್' ಹಾಡುಗಳನ್ನು ಮೆಚ್ಚುವವರಲ್ಲಿ ಎಷ್ಟು ಜನ ತರಾಸು ಹೆಸರು ಹೇಳುತ್ತಾರೆ? ಈ ವಿಷಯದಲ್ಲಿ ನನಗೆ ಸಿಟ್ಟೇ ಇದೆ.

ಮೊಳಕಾಲ್ಮೂರು ನನಗೆ ದೊಡ್ಡಮ್ಮನ ಊರು. ಬಂಡೆಗುಡ್ಡಗಳು ಊರಿನ ಮೇಲೇ ಬಂದು ನಿಂತಿವೆ. ಬೀದಿಗೆ ಕಾಲಿಟ್ಟರೆ ಮನೆ ಮನೆಯಿಂದ ಮಗ್ಗದ ಸದ್ದು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ದೊಡ್ಡಪ್ಪ ಕೆಳಗೆ ತುಳಿಯುತ್ತಿದ್ದಂತೆ ರೇಷ್ಮೆ ಎಳೆಗಳು ಬಾಯಿ ಬಿಡುವುದು, ಲಾಳಿ ಆ ಕಡೆಯಿಂದ ಈ ಕಡೆಗೆ ಜಾರುವುದು, ಹಲಗೆ ಒಂದು ಸಲ ಬಡಿಯುವುದು. ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು. ಆ ಕಡೆಯ ಅಂಚಿನ ಲಾಳಿಗೆ ಕೈಕೊಡಲು ಒಬ್ಬ ಹುಡುಗ. ಮಗ್ಗದ ನೆತ್ತಿಯ ಮೇಲೆ ಜಕಾರ್ಡಿನ ತೂತು ಹೊಡೆದ ರಟ್ಟಿನ ಸಾಲು ಒಂದೊಂದಾಗಿ ಮಗುಚಿಕೊಳ್ಳುತ್ತದೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಅನ್ನುವುದೆಲ್ಲ ಆ ತೂತುಗಳಲ್ಲಿ ಬರೆದಿದೆ. ಗೂಡಿನಲ್ಲಿಟ್ಟ ಟೇಪಿನೊಳಗೂ ಅದೇ ಥರ ಒಂದು ಪಟ್ಟಿ ಸುತ್ತುತ್ತಾ ತನ್ನಲ್ಲಿ ಬರೆದದ್ದನ್ನು ಹಾಡಾಗಿ ಬಿಚ್ಚುತ್ತಿತ್ತು. ಇದರ ಹೂವು ಸೀರೆಯ ಮೇಲೆ, ಅದರ ಹೂವು ಗಾಳಿಯಲ್ಲಿ.

ಅರ್ಧ ಗಂಟೆಗೆ ಟಕ್ ಎಂದು ಗುಂಡಿ ಮೇಲೇಳುತ್ತಿತ್ತು. ರೇಷ್ಮೆ ಹಿಡಿದ ಕೈಗೆ ಬೇರೇನನ್ನೂ ಮುಟ್ಟುವ ಪುರುಸೊತ್ತಿಲ್ಲ. "ಮಗ್ಗುಲು ಬದಲಾಯಿಸೋ" ಅಂತ ದೊಡ್ಡಪ್ಪ ತಲೆ ಎತ್ತದೇ ಹೇಳುವರು, ಹುಡುಗ ಎದ್ದು ಹೋಗಿ ತಿರುಗಿಸಿ ಹಾಕುವನು. ರಜೆಯಲ್ಲಿ ಆ ಕೆಲಸ ನನ್ನದು. 'ಗಾಳಿ ಮಾತು' ದೊಡ್ಡಮ್ಮನಿಗೆ ಪ್ರಾಣ. 1981ರ ಸಿನಿಮಾ, ರಾಜನ್-ನಾಗೇಂದ್ರರ ಸಂಗೀತ, ಎಸ್. ಜಾನಕಿಯ ಕಂಠ. ಪಕ್ಕದ ಕೋಣೆಯಲ್ಲಿ ರಾಟೆ ತಿರುಗಿಸುತ್ತಾ ಕಂಡಿಕೆ ಸುತ್ತುತ್ತಿದ್ದ ದೊಡ್ಡಮ್ಮ ಜಾನಕಿಯ ಹಾಡು ಶುರುವಾದರೆ ರಾಟೆ ನಿಲ್ಲಿಸಿಬಿಡುತ್ತಿದ್ದಳು. ಹಾಡು ಮುಗಿಯುವವರೆಗೂ ದಾರ ಹಿಡಿದ ಬೆರಳು ಹಾಗೇ. ಯಾರೂ ಅವಳನ್ನು ಎಚ್ಚರಿಸುತ್ತಿರಲಿಲ್ಲ. ಇಲ್ಲಸಲ್ಲದ ಮಾತಿಗೆ ಬಲಿಯಾಗುವ ಹೆಣ್ಣಿನ ಕಥೆಯದು. ಅವಳು ಅದರಲ್ಲಿ ಏನು ಕೇಳಿಸಿಕೊಳ್ಳುತ್ತಿದ್ದಳೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ಕ್ಯಾಸೆಟ್ ಈಗ ನನ್ನ ಪೆಟ್ಟಿಗೆಯಲ್ಲಿದೆ.

ಮೊಳಕಾಲ್ಮೂರಿನವರ ಕಿವಿ ಎರಡು ಭಾಷೆಯದು. ಗಡಿ ದಾಟಿದರೆ ಆಂಧ್ರದ ರಾಯದುರ್ಗ. ಮ್ಯಾಸಬೇಡರ ಎಷ್ಟೋ ಮನೆಗಳಲ್ಲಿ ತೆಲುಗು ಕನ್ನಡ ಎರಡೂ ಒಂದೇ ಮಾತಿನೊಳಗೆ ಬಂದು ಹೋಗುತ್ತವೆ. ಹಾಗಾಗಿ ದೊಡ್ಡಪ್ಪನ ಗೂಡಿನಲ್ಲಿ ಘಂಟಸಾಲ ಹಾಡಿದ ಭಗವದ್ಗೀತೆಗೆ ಮೊದಲ ಸ್ಥಾನ. 1974ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಅವರು ಹಾಡಿಟ್ಟದ್ದು. ಶ್ಲೋಕ ಸಂಸ್ಕೃತದಲ್ಲಿ, ಅರ್ಥ ತೆಲುಗಿನಲ್ಲಿ. ಬೆಳಿಗ್ಗೆ ಮಗ್ಗಕ್ಕೆ ಕುಂಕುಮ ಇಟ್ಟು ಮೊದಲು ಹಾಕುತ್ತಿದ್ದುದು ಅದನ್ನೇ. ಘಂಟಸಾಲರು ನಮ್ಮ ಟೆಂಟ್ ಸಿನಿಮಾಗಳಿಗೂ ಬಾಗಿಲು ತೆಗೆದವರು. ಅವರ ವೆಂಕಟೇಶ ಸ್ತುತಿ ಗದ್ದೆ ಬಯಲಿನ ಲೌಡ್‌ಸ್ಪೀಕರಿನಲ್ಲಿ ಮೊಳಗಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದು ಅರ್ಥ. ಉಣ್ಣುತ್ತಿದ್ದವರು ಕೈ ತೊಳೆದು ಓಡುತ್ತಿದ್ದರು.

ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ಓಡುತ್ತಿದ್ದುದು 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ, 1978ರ ಕ್ಯಾಸೆಟ್. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂಬ ಹಿರಿಮೆ ಅದರದು. ಜೋಗದ, ತುಂಗೆಯ, ಸಹ್ಯಾದ್ರಿಯ ಹಸಿರಿನ ಹಾಡು ಅದರಲ್ಲಿದೆಯಲ್ಲ, ಅದನ್ನು ನಾವು ಕೇಳುತ್ತಿದ್ದುದು ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಿ, ಕೊಡಗಳ ಸಾಲಿನ ಕಡೆ ಕಣ್ಣಿಟ್ಟುಕೊಂಡು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಜಾಗ ಇದು. ವೇದಾವತಿಯಲ್ಲಿ ಮರಳು ಕಂಡಷ್ಟು ನೀರು ಕಂಡವರಲ್ಲ ನಾವು. ಆ ಹಾಡಿನ ಮೇಲೆ ನನಗೆ ಹೊಟ್ಟೆಕಿಚ್ಚು ಬರಲಿಲ್ಲ. ಮಲೆನಾಡಿನವರು ತಮ್ಮ ಅಂಗಳದ್ದೆಂದು ಅದನ್ನು ಕೇಳಿರಬಹುದು, ನಾವು ಬಾಯಾರಿ ಕೇಳಿದೆವು. ಅನಂತಸ್ವಾಮಿಯವರು ಒಂದೊಂದು ಪದವನ್ನೂ ಬಿಡಿಸಿ, ಆತುರವಿಲ್ಲದೆ ಹೇಳುವ ರೀತಿಗೆ ನೀರಿನ ತಂಪಿತ್ತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತದೆ, ಬರುತ್ತದೆ ಅನ್ನುತ್ತಲೇ ನಮ್ಮ ತಲೆಮಾರಿಗೆ ನರೆ ಬಂತು.

ಮತ್ತೆ ತರಾಸು ಕಡೆಗೆ ಬಂದರೆ, 'ಆಕಸ್ಮಿಕ' ಸಿನಿಮಾ ಬಂದದ್ದು 1993ರಲ್ಲಿ, ತರಾಸು ತೀರಿಕೊಂಡು ಒಂಬತ್ತು ವರ್ಷದ ಮೇಲೆ. ನಾಗಾಭರಣ, ಹಂಸಲೇಖ, ರಾಜಕುಮಾರ್. ಅದರ ಕನ್ನಡನಾಡಿನ ಹಾಡು ನವೆಂಬರಿನಲ್ಲಿ ಎಲ್ಲೆಲ್ಲಿ ಮೊಳಗುತ್ತದೆಂದು ಹೇಳಬೇಕಾಗಿಲ್ಲ. ದುಬೈನಲ್ಲಿ, ಅಮೆರಿಕದಲ್ಲಿ ಕೂಡಾ ಕನ್ನಡದವರು ಅದಕ್ಕೆ ಕುಣಿಯುತ್ತಾರೆ. ಅದು ಮೂಡಿಬಂದ ಸಿನಿಮಾದ ಕಥೆಯೂ ತರಾಸು ಅವರ ಕಾದಂಬರಿಗಳದೇ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ತಾಲ್ಲೂಕಿನ ಅತಿ ದೊಡ್ಡ ಹಾಡಿನ ಪೆಟ್ಟಿಗೆ ನನ್ನದಲ್ಲ. ಅದು ಯಲಗಟ್ಟೆಯ ಗೊಲ್ಲರಹಟ್ಟಿಯಲ್ಲಿತ್ತು. ಸಿರಿಯಜ್ಜಿ. ಅಕ್ಷರ ಕಲಿಯದ ಕಾಡುಗೊಲ್ಲರ ಹೆಣ್ಣುಮಗಳು, ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಎಂಬ ಗೊಲ್ಲರ ದೈವಗಳ ಹಾಡು, ಹಸೆಗೆ ಕರೆಯುವ ಹಾಡು, ಮಗು ಹುಟ್ಟಿದ ಹಾಡು, ದನಕರು ಕುರಿಗಳ ಹಾಡು. ಕೃಷ್ಣಮೂರ್ತಿ ಹನೂರು ಅವರು ಅವಳ ಹಾಡುಗಳನ್ನು ಸಂಗ್ರಹಿಸಿ 'ಸಾವಿರದ ಸಿರಿಬೆಳಗು' ಎಂಬ ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವಳಿಗೆ ನಾಡೋಜ ಗೌರವ ಕೊಟ್ಟಿತು. ಪುಸ್ತಕ ನನ್ನ ಕಪಾಟಿನಲ್ಲಿದೆ. ಓದುವಾಗ ಸಾಲಿನ ಕೊನೆ ಕೊನೆಯಲ್ಲಿ ಎಳೆಯುವ ಆ ದನಿ ಕಿವಿಗೆ ಬೇಕು ಬೇಕು ಅನ್ನಿಸುತ್ತದೆ.

ಆ ದನಿಯ ಬಳಗವನ್ನು ಕೇಳಬೇಕಾದರೆ ಕ್ಯಾತಪ್ಪನ ಜಾತ್ರೆಗೆ ಹೋಗಬೇಕು. ಪುರ್ಲಹಳ್ಳಿಯ ಹತ್ತಿರದ ಬಯಲಿನಲ್ಲಿ ಬಾರೆಮುಳ್ಳು ಪೇರಿಸಿ ಗುಡಿ ಕಟ್ಟಿ, ನೆತ್ತಿಗೆ ಕಳಸ ಇಡುತ್ತಾರೆ. ಬರಿಗಾಲ, ಬರಿಮೈಯ ಗೊಲ್ಲರ ಹುಡುಗರು ಆ ಮುಳ್ಳಿನ ಮೇಲೆ ಹತ್ತಿ ಕಳಸ ಕೀಳುತ್ತಾರೆ. ನೋಡುವವರ ಉಸಿರು ನಿಲ್ಲುತ್ತದೆ, ಉರುಮೆ ಮಾತ್ರ ನಿಲ್ಲುವುದಿಲ್ಲ. ನಾನು ಹೋಗಿದ್ದ ವರ್ಷ, ಸಂಜೆ ಗದ್ದಲ ಸ್ವಲ್ಪ ತಗ್ಗಿದ ಮೇಲೆ ಒಬ್ಬ ಮುದುಕ ಗಣೆ ತೆಗೆದ. ಜುಂಜಪ್ಪನ ಉದ್ದನೆಯ ಬಿದಿರ ಕೊಳಲು ಅದು, ಒಂದು ತುದಿ ತುಟಿಗೆ, ಇನ್ನೊಂದು ತುದಿ ಮೊಣಕಾಲಿನಾಚೆ. ನುಡಿಸುವುದಕ್ಕೂ ಮೊದಲು ಅವನು ಕಂಬಳಿಯ ಅಂಚಿನಿಂದ ಅದನ್ನು ಮೇಲಿಂದ ಕೆಳಕ್ಕೆ ಒರೆಸಿದ, ಹಣೆಗೆ ಮುಟ್ಟಿಸಿಕೊಂಡ. ಒಂದು ಸಾಲು ನುಡಿಸುವುದು, ಗಣೆ ಇಳಿಸಿ ಅದೇ ಸಾಲನ್ನು ಹಾಡುವುದು, ಮತ್ತೆ ಗಣೆ. ದನಿಯಲ್ಲಿ ಉಸಿರಿನ ಸುಯ್ ಅನ್ನುವ ಸದ್ದೂ ಬೆರೆತಿತ್ತು. ಸುತ್ತ ಕೂತ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು. ಅವರಲ್ಲಿ ಒಬ್ಬ ಮುದುಕನ ಮೊಮ್ಮಗನೇ ಇರಬೇಕು, "ತಾತ, ಇನ್ನೊಂದ್ಸಾರಿ ಮೊದ್ಲಿಂದ" ಅಂದ. ತಾತ ಮೊದಲಿಂದ ಹೇಳಿದ. ಆದರೆ ಅದೇ ಹಾಡಾಗಿರಲಿಲ್ಲ. ಎರಡು ಸಾಲು ಹೆಚ್ಚಾಗಿತ್ತು, ಒಂದು ಹಸುವಿನ ಹೆಸರು ಹೊಸದಾಗಿ ಬಂದಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಮಾತು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದುಕೊಂಡು ಬಂತು, 1892ರಲ್ಲಿ ಬಿ.ಎಲ್. ರೈಸ್ ಬಂದು ಬೆಳಕಿಗೆ ತಂದರು. ದೊರೆಯ ಮಾತಿಗೆ ಬಂಡೆ ಸಿಕ್ಕಿತು. ಕುರಿಗಾಹಿಯ ಹಾಡಿಗೆ ಸಿಕ್ಕಿದ್ದು ಗಂಟಲು ಮಾತ್ರ, ಅದೂ ಒಂದೊಂದಾಗಿ ಹೋಗುತ್ತಿದೆ. ಮೊಬೈಲಿಗೆ ಹಿಡಿದದ್ದು ಮುಂದಿನ ಮೊಬೈಲು ಬರುವವರೆಗೆ.

ನನಗೊಂದು ಆಲ್ಬಂ ಬೇಕು. ನಮ್ಮ ಎರಡು ತಾಲ್ಲೂಕುಗಳ ಹಟ್ಟಿಗಳಲ್ಲೇ ಕೂತು ದನಿ ಹಿಡಿದದ್ದಾಗಬೇಕು, ಸ್ಟುಡಿಯೋದ ತಬಲಾ ಕೀಬೋರ್ಡು ಸೇರಿಸಿ ಸಿಂಗರಿಸಿದ್ದಲ್ಲ. ಗಣೆ ಇರಬೇಕು, ಉರುಮೆ ಇರಬೇಕು, ಹಸೆಯ ಮುಂದೆ ಒಬ್ಬಳು ಎತ್ತಿಕೊಟ್ಟದ್ದನ್ನು ಹತ್ತು ಜನ ಹಿಡಿಯುವ ಹಾಡಿರಬೇಕು, ತೆಲುಗು ಕನ್ನಡ ಬೆರೆತ ಮ್ಯಾಸರ ಪದಗಳಿರಬೇಕು. ಹಿಂದೆ ಕುರಿ ಅರಚಿದರೆ ಅರಚಲಿ. ಹಾಡಿದವರ ಹೆಸರು, ಹಟ್ಟಿಯ ಹೆಸರು ಮೇಲೆ ದಪ್ಪಕ್ಷರದಲ್ಲಿ ಬರಬೇಕು, ಮಾರಿ ಬಂದ ದುಡ್ಡು ಅವರ ಕೈ ಸೇರಬೇಕು. ದನಿ ಹಿಡಿಯುವ ಯಂತ್ರ ಈಗ ಅಂಗೈಯಗಲ, ಅದನ್ನು ಕಲಿತ ನಮ್ಮೂರ ಮಕ್ಕಳು ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕೆಲಸಕ್ಕಿದ್ದಾರೆ. ಬರುವ ಕ್ಯಾತಪ್ಪನ ಜಾತ್ರೆಗೆ ಅವರಲ್ಲಿ ಇಬ್ಬರನ್ನು ಕರೆಸಿಕೊಳ್ಳುವ ಮಾತು ನಡೆದಿದೆ. ಆ ತಾತನ ಹಟ್ಟಿಗೆ ಹೋಗಿ ಹೇಳಿಬಂದೂ ಆಯಿತು.